ಓಟದಲ್ಲಿ ನಿಧಾನವಾದ ಸೇಫ್ಟಿಯನ್ನು ಮೊದಲ ಸುತ್ತಿನಲ್ಲಿ ಆರಿಸಬಹುದೇ?

ನಲವತ್ತು ಗಜದ ಓಟಕ್ಕೆ 4.6 ಸೆಕೆಂಡು ತೆಗೆದುಕೊಂಡ ಕಾಲೇಜು ಸೇಫ್ಟಿಯನ್ನು (ರಕ್ಷಣಾ ಪಡೆಯಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಹಿಂದೆ ನಿಲ್ಲುವ ಆಟಗಾರ) ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡವೊಂದು ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೊದಲ ಸುತ್ತಿನಲ್ಲಿ ಆರಿಸುವುದು ಜಾಣತನವೇ ಎಂದು ಕೇಳಿದ್ದೀರಿ. ಖಂಡಿತ ಆರಿಸಬಹುದು, ಆದರೆ ಅವರನ್ನು ಮೈದಾನದಲ್ಲಿ ಎಲ್ಲಿ ನಿಲ್ಲಿಸುತ್ತೇವೆಂಬುದು ತಂಡಕ್ಕೆ ಮೊದಲೇ ಸ್ಪಷ್ಟವಿರಬೇಕು.

2022ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ಸೇಫ್ಟಿ ಕೈಲ್ ಹ್ಯಾಮಿಲ್ಟನ್ ಈ ಓಟವನ್ನು 4.59 ಸೆಕೆಂಡುಗಳಲ್ಲಿ ಮುಗಿಸಿದಾಗ ಅನೇಕರು ಅನುಮಾನಪಟ್ಟರು, ಕೊನೆಗೆ 14ನೆಯ ಆಯ್ಕೆಯಾಗಿ ಅವರು ಬಾಲ್ಟಿಮೋರ್ ರೇವನ್ಸ್ ಸೇರಿದರು. ಆರಡಿ ನಾಲ್ಕಂಗುಲ ಎತ್ತರದ ಅವರನ್ನು ಸದಾ ಹಿಂದೆಯೇ ಕಾವಲಿಗಿಡದೆ, ಸ್ಲಾಟ್‌ನಲ್ಲಿ, ಅಂದರೆ ಅಂಚಿಗಿಂತ ಒಳಗಿನ ಜಾಗದಲ್ಲಿ, ಪಾಸ್ ಹಿಡಿಯುವ ರಿಸೀವರ್‌ಗಳ ಎದುರು ಆಡಿಸಿ, ಆಗಾಗ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೂ ನುಗ್ಗಿಸಿದ ಆ ತಂಡಕ್ಕೆ 2023ರಲ್ಲೇ ಆಲ್-ಪ್ರೋ (ಲೀಗ್‌ನ ವರ್ಷದ ಶ್ರೇಷ್ಠರ ಪಟ್ಟಿ) ಮೊದಲ ತಂಡದ ಆಟಗಾರನೊಬ್ಬ ದೊರೆತ.

ಇಂಟರ್‌ಸೆಪ್ಷನ್‌ಗಳ, ಅಂದರೆ ಎದುರಾಳಿಯ ಪಾಸ್ ಕಸಿದುಕೊಂಡ ಸಲಗಳ, ಎಣಿಕೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಕೈತಪ್ಪಿದ ಟ್ಯಾಕಲ್‌ಗಳನ್ನು (ಚೆಂಡು ಹಿಡಿದವನನ್ನು ಕೆಡವಲು ಹೋಗಿ ವಿಫಲವಾದ ಯತ್ನಗಳನ್ನು) ಮಾತ್ರ ಒಂದೊಂದಾಗಿ ನೋಡಿ, ಓಡಿಬಂದ ಕೋನ ತಪ್ಪಿತ್ತೋ ಅಥವಾ ಹಿಡಿತ ಸಡಿಲವಾಗಿತ್ತೋ ಎಂಬುದನ್ನು ಬೇರ್ಪಡಿಸಲೇಬೇಕು. ಟಿವಿ ಪ್ರಸಾರದಲ್ಲಿ ಸೇಫ್ಟಿ ಬಹುಪಾಲು ಚೌಕಟ್ಟಿನ ಹೊರಗಿರುವುದರಿಂದ ಇಪ್ಪತ್ತೆರಡೂ ಆಟಗಾರರು ಕಾಣುವ ದೃಶ್ಯಾವಳಿಯೇ ಬೇಕು.

ಇನ್ನೊಂದು ಅಂಶವನ್ನು ಹಲವರು ಮರೆಯುತ್ತಾರೆ: ಕಾಲೇಜು ಮೈದಾನದಲ್ಲಿ ಹ್ಯಾಷ್ ಗುರುತುಗಳ (ಆಟ ಶುರುವಾಗುವಾಗ ಚೆಂಡನ್ನಿಡುವ ಜಾಗದ ಎರಡು ಬದಿಯ ಮಿತಿಗಳ) ನಡುವೆ 40 ಅಡಿ ಅಂತರವಿದ್ದರೆ ಎನ್‌ಎಫ್‌ಎಲ್‌ನಲ್ಲಿ ಅದು ಹದಿನೆಂಟೂವರೆ ಅಡಿ ಮಾತ್ರ. ಹೀಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಅಂಚಿನ ಹತ್ತಿರವಿದ್ದಾಗ ಉಳಿಯುವ ಕಿರಿದಾದ ಬದಿಯಲ್ಲೇ ಹೆಚ್ಚಾಗಿ ಆಡಿದವರ ವ್ಯಾಪ್ತಿಯನ್ನು ಅಳೆಯಲು, ಅವರು ಮೈದಾನದ ಮಧ್ಯದಿಂದ ಅಂಚಿನವರೆಗೆ ಓಡಬೇಕಾಗಿ ಬಂದ ಕೆಲವೇ ಆಟಗಳನ್ನು ಹುಡುಕಿ ನೋಡಿ.