ಟೊರೊಂಟೊದ ಚಳಿಗಾಲದಲ್ಲಿ ಕಾಲ್ನಡಿಗೆ: ಚಿಕ್ಕಬಳ್ಳಾಪುರದ ತಂಗಿಗೆ ಉತ್ತರ

ಜನವರಿಯಲ್ಲಿ ಓದಲು ಟೊರೊಂಟೊಗೆ ಬರುತ್ತಿರುವುದಾಗಿಯೂ, ನಂದಿಬೆಟ್ಟದ ಬೆಳಗಿನ ಚಳಿಯನ್ನು ಬಿಟ್ಟರೆ ಬೇರೆ ಚಳಿಯನ್ನೇ ಕಾಣದ ತಮಗೆ ಅಲ್ಲಿ ನಡೆದು ಓಡಾಡಲು ಸಾಧ್ಯವೇ ಎಂದೂ, ಅಕ್ಕಾ ಎಂದು ಕರೆದು ಕೇಳಿದ್ದೀರಿ. ಖಂಡಿತ ಸಾಧ್ಯ. ಶಿಡ್ಲಘಟ್ಟದಲ್ಲಿ ಬೆಳೆದ ನಾನು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು, ಈಗಲೂ ದಿನವೂ ಮೂರ್ನಾಲ್ಕು ಕಿಲೋಮೀಟರ್ ನಡೆಯುತ್ತೇನೆ. ಚಳಿಗೆ ಒಂದರ ಮೇಲೊಂದು ಬಟ್ಟೆ ಹಾಕಿಕೊಳ್ಳಬಹುದು ತಂಗಿ, ನನ್ನ ಚಿಂತೆಯೆಲ್ಲ ನಿಮ್ಮ ಕಾಲಿನದು.

ದಯವಿಟ್ಟು ಊರಿನಲ್ಲಿ ಬೂಟು ಕೊಳ್ಳಬೇಡಿ. ನಾನು ಬೆಂಗಳೂರಿನಿಂದ ತಂದ ದಪ್ಪ ಚರ್ಮದ ಬೂಟಿನ ಅಟ್ಟೆ ಇಲ್ಲಿಯ ಚಳಿಗೆ ಕಲ್ಲಿನಂತೆ ಗಟ್ಟಿಯಾಗಿ, ಮೊದಲ ಫೆಬ್ರವರಿಯಲ್ಲೇ ಜಾರಿಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಇದೇ ಊರಿನ ಕೈಟ್ ಸಂಶೋಧನಾ ಸಂಸ್ಥೆಯವರು ನಿಜವಾದ ಮಂಜುಗಡ್ಡೆಯ ಇಳಿಜಾರಿನ ಮೇಲೆ ಜನರನ್ನು ನಡೆಸಿ ಬೂಟುಗಳನ್ನು ಪರೀಕ್ಷಿಸಿ, 2016ರಿಂದ 'ರೇಟ್ ಮೈ ಟ್ರೆಡ್ಸ್' ಎಂಬ ಹೆಸರಿನಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. 7 ಡಿಗ್ರಿ ಇಳಿಜಾರಿನಲ್ಲಿ ಜಾರದ ಬೂಟಿಗೆ ಒಂದು ಹಿಮಹರಳಿನ ಗುರುತು ಸಿಗುತ್ತದೆ. ಬೆಲೆಗಿಂತ ಮೊದಲು ಆ ಗುರುತನ್ನು ನೋಡಿ.

ಹಿಮ ಬೀಳುವ ದಿನಕ್ಕಿಂತ ಅದು ಕರಗಿದ ದಿನದ ಸಂಜೆಯೇ ಹೆಚ್ಚು ಅಪಾಯಕಾರಿ. ಮಧ್ಯಾಹ್ನ ಹರಿದ ನೀರು ಕತ್ತಲಾಗುವಷ್ಟರಲ್ಲಿ ಮತ್ತೆ ಹೆಪ್ಪುಗಟ್ಟಿ, ಕೆಳಗಿನ ಡಾಂಬರಿನ ಬಣ್ಣವನ್ನೇ ತೋರಿಸುವ ತೆಳುವಾದ ಗಾಜಿನಂತೆ ನೆಲಕ್ಕೆ ಅಂಟಿಕೊಂಡಿರುತ್ತದೆ. ರಸ್ತೆಗೆ ಎರಚುವ ಉಪ್ಪೂ ಚಳಿ ತೀರ ಹೆಚ್ಚಿದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಳೆಗಾಲದಲ್ಲಿ ಹಿಪ್ಪುನೇರಳೆ ತೋಟದ ಜೇಡಿಮಣ್ಣಿನ ಬದುವಿನ ಮೇಲೆ ನಡೆದ ನೆನಪು ನಿಮಗಿದ್ದರೆ ಅದೇ ನಡಿಗೆ ಇಲ್ಲಿಗೂ ಸರಿ: ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರುವುದು, ಕೈಗಳು ಜೇಬಿನಿಂದ ಹೊರಗೆ. ರಸ್ತೆ ದಾಟುವ ಮೂಲೆಗಳಲ್ಲಿ ಬೂದುಬಣ್ಣದ ಹಿಮದ ರಾಶಿ ಗಟ್ಟಿ ನೆಲದಂತೆ ಕಂಡರೂ ಕೆಳಗೆ ಕಣಕಾಲು ಮುಳುಗುವಷ್ಟು ತಣ್ಣೀರು ನಿಂತಿರುತ್ತದೆ. ಚೀಲದಲ್ಲಿ ಸದಾ ಒಂದು ಜೊತೆ ಒಣ ಕಾಲುಚೀಲ ಇರಲಿ.

ಹವಾಮಾನ ವರದಿಯಲ್ಲಿ ಉಷ್ಣಾಂಶದ ಜೊತೆಗೆ ಗಾಳಿ ಸೇರಿದಾಗಿನ ಚಳಿಯ ಅಂಕಿಯನ್ನೂ ನೋಡಿ. ಅದು ಮೈನಸ್ 28 ದಾಟಿದರೆ, ತೆರೆದ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟುವ ಅಪಾಯವಿದೆ. ಕಿವಿಯೋ ಬೆರಳೋ ಬಿಳಚಿಕೊಂಡು ಮರಗಟ್ಟಿದರೆ ಉಜ್ಜದೆ, ತಕ್ಷಣ ಒಳಗೆ ಹೋಗಿ ಬೆಚ್ಚಗಾಗಿಸಿ. ಅಂಥ ದಿನಗಳಲ್ಲಿ ನಗರದ ನಡುಭಾಗದಲ್ಲಿ 'ಪಾತ್' ಎಂಬ ನೆಲದಡಿಯ ದಾರಿ ಉಪಕಾರಿ. 30 ಕಿಲೋಮೀಟರಿಗಿಂತ ಉದ್ದವಾದ ಅದು ಯೂನಿಯನ್ ಸ್ಟೇಷನ್ನನ್ನು ಕಚೇರಿ ಕಟ್ಟಡಗಳಿಗೂ ಸಬ್‌ವೇ ನಿಲ್ದಾಣಗಳಿಗೂ ಜೋಡಿಸುತ್ತದೆ. ಅಲ್ಲಿ ದಿಕ್ಕು ತಪ್ಪುವುದು ಸುಲಭ, ಮೊದಲ ಬಾರಿ ಬಿಡುವಾಗಿ ಹೋಗಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ದಾಟುವಾಗ ಮೊದಲು ಎಡಕ್ಕೆ ನೋಡಬೇಕು, ಜೊತೆಗೆ ಕೆಂಪು ದೀಪವಿದ್ದರೂ ಕಾರುಗಳು ನಿಂತು ಬಲಕ್ಕೆ ತಿರುಗಬಹುದು. ಡಿಸೆಂಬರ್ ಕೊನೆಯಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಜನವರಿಯಲ್ಲೂ ಬೇಗನೆ ಕತ್ತಲಾಗುತ್ತದೆ. ಆದ್ದರಿಂದ ಕಪ್ಪು ಕೋಟು ಬೇಡ.

ವಿಮಾನ ಇಳಿದ ವಾರವೇ ತಿಳಿಸಿ, ಬೂಟು ಕೊಳ್ಳಲು ನಾನೇ ಜೊತೆಗೆ ಬರುತ್ತೇನೆ.