ಹೊಸದಾಗಿ ಮಾಡಿದ ಲಿಪಿಡ್‌ಗಳು ಡಿಎನ್‌ಎಯನ್ನು ಹಿಡಿಯುತ್ತವೆ, ಆದರೆ ಕೋಶದೊಳಗೆ ಕೆಲಸ ಮಾಡುತ್ತಿಲ್ಲ. ಏಕೆ?

ಕೋಶದೊಳಗೆ ಡಿಎನ್‌ಎ ಸಾಗಿಸಲು ಹನ್ನೆರಡು ಕ್ಯಾಟಯಾನಿಕ್ (ಧನಾವೇಶದ) ಲಿಪಿಡ್ ಮಾಡಿದ್ದೀರಿ, ಎಲ್ಲವೂ ಅಗರೋಸ್ ಜೆಲ್‌ನಲ್ಲಿ ಪ್ಲಾಸ್ಮಿಡ್ಡನ್ನು (ಉಂಗುರದಂಥ ಡಿಎನ್‌ಎ) ಕದಲದಂತೆ ಹಿಡಿಯುತ್ತವೆ, ಆದರೆ ಹೆಕ್-293 ಎಂಬ ಮಾನವ ಕೋಶಗಳಲ್ಲಿ ಹಾಕಿದಾಗ, ಡಿಎನ್‌ಎ ಕೆಲಸ ಮಾಡಿದೆ ಎಂದು ತೋರಿಸುವ ಹಸಿರು ಪ್ರೋಟೀನ್ ಜಿಎಫ್‌ಪಿಯ ಹೊಳಪಿಲ್ಲ. ಅಣುವನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಎಲ್ಲವನ್ನೂ ಒಂದೇ ಲಿಪಿಡ್-ಡಿಎನ್‌ಎ ಅನುಪಾತದಲ್ಲಿ, ಸಹಾಯಕ ಲಿಪಿಡ್ ಇಲ್ಲದೆ ಹಾಕಿದ್ದೇನೆ ಎಂದಿದ್ದೀರಲ್ಲ, ಹಾಗೆ ಹಾಕಿದರೆ ಒಳ್ಳೆಯ ಲಿಪಿಡ್ ಕೂಡ ಕೈಕೊಟ್ಟೀತು.

ಜೆಲ್ ಹೇಳುವುದು ಡಿಎನ್‌ಎ ಕಟ್ಟಿಕೊಂಡಿದೆ ಎಂದಷ್ಟೇ. ಕೋಶ ನುಂಗಿದ ಮೇಲೆ ಅದು ಎಂಡೋಸೋಮಿನಿಂದ (ನುಂಗಿದ್ದನ್ನು ಹಿಡಿದಿಡುವ ಚೀಲ) ತಪ್ಪಿಸಿಕೊಳ್ಳಬೇಕು, ಇಲ್ಲದಿದ್ದರೆ ಲೈಸೋಸೋಮಿನಲ್ಲಿ ಜೀರ್ಣವಾಗುತ್ತದೆ. ಡೋಪ್ (ಡಿಒಪಿಇ) ಎಂಬ ಸಹಾಯಕ ಲಿಪಿಡ್ ಬೇಕಾಗುವುದು ಇಲ್ಲೇ: ತಲೆ ಸಣ್ಣದು, ಬಾಲದ ಕಡೆ ಅಗಲ, ಪದರವಾಗಿ ನೆಟ್ಟಗೆ ನಿಲ್ಲದೆ ಷಟ್ಕೋನ ಜೋಡಣೆಗೆ ತಿರುಗಿ ಎಂಡೋಸೋಮಿನ ಪೊರೆಯನ್ನು ಕದಡುತ್ತದೆ. 1987ರಲ್ಲಿ ಫೆಲ್ಗ್ನರ್ ತಂಡ ಪರಿಚಯಿಸಿದ ಲಿಪೋಫೆಕ್ಷನ್‌ನಲ್ಲೂ (ಲಿಪಿಡ್ ಬಳಸಿ ಕೋಶಕ್ಕೆ ಡಿಎನ್‌ಎ ಸೇರಿಸುವ ವಿಧಾನ) ಡೋಟ್ಮಾ ಎಂಬ ಕ್ಯಾಟಯಾನಿಕ್ ಲಿಪಿಡ್ ಜೊತೆ ಡೋಪ್ ಇತ್ತು.

ನಿಮ್ಮ ಲಿಪಿಡ್ 1 ಮೈಕ್ರೋಮೋಲ್, ಡೋಪ್ 1 ಮೈಕ್ರೋಮೋಲ್ (ಸುಮಾರು 0.74 ಮಿಗ್ರಾಂ), ಎರಡನ್ನೂ ಕ್ಲೋರೋಫಾರ್ಮಿನಲ್ಲಿ ಕರಗಿಸಿ ಗಾಜಿನ ವಯಲ್‌ನಲ್ಲಿ ನೈಟ್ರೋಜನ್ ಊದಿ ತೆಳು ಪದರ ಮಾಡಿ. ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿಡಿ, ಉಳಿದ ಕ್ಲೋರೋಫಾರ್ಮ್ ಕೋಶ ಕೊಂದರೆ ಬೈಗುಳ ಲಿಪಿಡ್‌ಗೆ. 1 ಮಿಲೀ ಸ್ಟೆರೈಲ್ ನೀರು ಹಾಕಿ ನೆನೆಸಿ, ವೋರ್ಟೆಕ್ಸ್ ಮಾಡಿ, ತಿಳಿಯಾಗುವವರೆಗೆ ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಕಲಕಿ). ಲೈಪೊಸೋಮ್, ಅಂದರೆ ಲಿಪಿಡ್ಡಿನ ಸಣ್ಣ ಗುಳ್ಳೆಗಳು, ಸಿದ್ಧ. ಉಪ್ಪಿರುವ ಬಫರ್ ಬೇಡ, ಕಣಗಳು ಮುದ್ದೆಗಟ್ಟುತ್ತವೆ. ಸ್ಯಾಚುರೇಟೆಡ್ ಸಿ-18 ಬಾಲವಿದ್ದರೆ (18 ಇಂಗಾಲ, ದ್ವಿಬಂಧವಿಲ್ಲ) ನೀರು 60 ಡಿಗ್ರಿಯ ಆಸುಪಾಸಿನಲ್ಲಿರಲಿ. ತಣ್ಣೀರಿನಲ್ಲಿ ಪದರ ಏಳುವುದೇ ಇಲ್ಲ.

ಲೆಕ್ಕ ಹೀಗೆ. 1 ಮೈಕ್ರೋಗ್ರಾಂ ಡಿಎನ್‌ಎಯಲ್ಲಿ ಸುಮಾರು 3 ನ್ಯಾನೋಮೋಲ್ ಫಾಸ್ಫೇಟ್ ಇರುತ್ತದೆ. 96 ವೆಲ್ ಪ್ಲೇಟಿನ ಒಂದು ವೆಲ್‌ಗೆ 0.3 ಮೈಕ್ರೋಗ್ರಾಂ ಎಂದರೆ 0.9 ನ್ಯಾನೋಮೋಲ್. ಒಂದೇ ಧನಾವೇಶದ ಲಿಪಿಡ್, 4:1 ಅನುಪಾತ (ಲಿಪಿಡ್ಡಿನ ಧನಾವೇಶ : ಡಿಎನ್‌ಎಯ ಫಾಸ್ಫೇಟ್) ಎಂದಾದರೆ 3.6 ನ್ಯಾನೋಮೋಲ್, ಅಂದರೆ 1 ಮಿಲಿಮೋಲಾರ್ ಲೈಪೊಸೋಮ್ 3.6 ಮೈಕ್ರೋಲೀಟರ್. ಜೆಮಿನಿಗಳಲ್ಲಿ (ಎರಡು ಲಿಪಿಡ್ ಜೋಡಿಸಿದ ಅಣುಗಳು) ಎರಡು ಆವೇಶ, ಹಾಗಾಗಿ ಅರ್ಧ ಸಾಕು. (ಬೆಂಗಳೂರಿನ ಐಐಎಸ್ಸಿಯಲ್ಲಿ ಶಾಂತನು ಭಟ್ಟಾಚಾರ್ಯ ಅವರ ತಂಡ ಕೊಲೆಸ್ಟರಾಲ್ ಆಧಾರಿತ ಜೆಮಿನಿಗಳ ಮೇಲೆ ಬಹಳ ಕೆಲಸ ಮಾಡಿದೆ, ಓದಿ.)

ನೋಡಬೇಕಾದ ಅನುಪಾತಗಳು 1:1, 2:1, 4:1, 8:1. ಸಹಾಯಕ ಲಿಪಿಡ್ ಆಗಿ ಡೋಪ್ ಒಮ್ಮೆ, ಕೊಲೆಸ್ಟರಾಲ್ ಒಮ್ಮೆ. ಮೂರು ಮೂರು ವೆಲ್. ಒಂದು ಲಿಪಿಡ್‌ಗೆ 24 ವೆಲ್ ಆಯಿತು. ಅಂಚಿನ ವೆಲ್‌ಗಳು ಬೇಗ ಒಣಗುವುದರಿಂದ ಒಳಗಿನ 60 ಮಾತ್ರ ಬಳಸಿ: ಎರಡು ಲಿಪಿಡ್, ಉಳಿದ 12ರಲ್ಲಿ ಬರೀ ಕೋಶ, ಬರೀ ಡಿಎನ್‌ಎ, ಬರೀ ಲೈಪೊಸೋಮ್, ಹೋಲಿಕೆಗೆ ಮಾರುಕಟ್ಟೆಯ ಲಿಪೋಫೆಕ್ಟಮೀನ್.

ಹಿಂದಿನ ದಿನ ವೆಲ್‌ಗೆ 10–15 ಸಾವಿರ ಕೋಶ. ಲೆಕ್ಕ ಹಾಕಿದ ಡಿಎನ್‌ಎ, ಲೈಪೊಸೋಮ್ ಎರಡನ್ನೂ ಸೀರಮ್ ಇಲ್ಲದ ಮೀಡಿಯಾದಲ್ಲಿ ತಲಾ 25 ಮೈಕ್ರೋಲೀಟರ್ ಆಗುವಂತೆ ತೆಳುಮಾಡಿ. ಬೆರೆಸಿ 20 ನಿಮಿಷ ಬಿಡಿ. ಗಂಟೆಗಟ್ಟಲೆ ಬಿಟ್ಟರೆ ಕಣ ಊದುತ್ತದೆ. 50 ಮೈಕ್ರೋಲೀಟರ್ ಮೀಡಿಯಾ ಇರುವ ಕೋಶಗಳ ಮೇಲೆ ಹಾಕಿ, 4 ಗಂಟೆಯ ನಂತರ ಸೀರಮ್ ಇರುವ ಮೀಡಿಯಾಕ್ಕೆ ಬದಲಿಸಿ, 48 ಗಂಟೆಗೆ ಓದಿ. ಆಂಟಿಬಯಾಟಿಕ್ ಆ 4 ಗಂಟೆಯಾದರೂ ಬೇಡ.

ಜೊತೆಗೇ ಅದೇ ರೀತಿಯ ಇನ್ನೊಂದು ಪ್ಲೇಟಿನಲ್ಲಿ ಎಂಟಿಟಿ (ಕೋಶ ಬದುಕಿದೆಯೇ ಎಂದು ನೋಡುವ ಬಣ್ಣದ ಪರೀಕ್ಷೆ) ಮಾಡಲೇಬೇಕು. ಮೇಲಿನ ಲೆಕ್ಕದಲ್ಲಿ 8:1 ಎಂದರೆ ಕೋಶದ ಮೇಲೆ 72 ಮೈಕ್ರೋಮೋಲಾರ್ ಲಿಪಿಡ್. ಹೊಳಪಿಲ್ಲದಿರುವುದು ಕೋಶವೇ ಸತ್ತಿದ್ದರಿಂದ ಇರಬಹುದು. ಸತ್ತ ಕೋಶ ತಾನೇ ಮಂಕಾಗಿ ಹೊಳೆದು ಮೋಸ ಮಾಡುವುದೂ ಉಂಟು. ಹಾಗಾಗಿ ಪ್ರೋಟೀನಿನ ಪ್ರತಿ ಮಿಲಿಗ್ರಾಂಗೆ ಎಷ್ಟು ಹೊಳಪು ಎಂದು ಲೆಕ್ಕ ಹಾಕಿ.

ಲಿಪಿಡ್ಡಿನ ತಲೆಯ ಅಮೈನನ್ನು ಮೀಥೈಲ್ ಅಯೊಡೈಡ್‌ನಿಂದ ಕ್ವಾಟರ್ನರಿ (ಶಾಶ್ವತ ಧನಾವೇಶದ್ದು) ಮಾಡಿದ್ದರೆ ಕ್ಲೋರೈಡ್ ರೆಸಿನ್ ಮೂಲಕ ಹಾಯಿಸಿ ಅಯೊಡೈಡ್ ತೆಗೆದಿದ್ದೀರಾ? ಪ್ಲಾಸ್ಮಿಡ್ಡಿನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರುವ ವಿಷ) ಇದೆಯೇ? ಇವೆರಡನ್ನು ಮೊದಲು ನೋಡಿಕೊಳ್ಳಿ.

ಇಷ್ಟಾದ ಮೇಲೂ ಎಲ್ಲ ಶೂನ್ಯವಾದರೆ ಆಗ ಅಣುವಿಗೆ ಕೈ ಹಾಕಿ, ನಾನಾದರೆ ತಲೆಗಿಂತ ಮೊದಲು ಬಾಲ ಬದಲಿಸುತ್ತೇನೆ: ಸಿ-18 ಸ್ಟಿಯರಿಲ್ (ಸ್ಯಾಚುರೇಟೆಡ್) ಬದಲು ಓಲಿಯಿಲ್ (ಒಂದು ದ್ವಿಬಂಧವಿರುವುದು) ಅಥವಾ ಗಿಡ್ಡನೆಯ ಸಿ-14. ಗೆದ್ದ ಒಂದೆರಡನ್ನು 10% ಸೀರಮ್ ಇಟ್ಟುಕೊಂಡೇ ಮತ್ತೆ ಓಡಿಸಿ. ಎಷ್ಟೋ ಲಿಪಿಡ್‌ಗಳು ಬಿದ್ದುಹೋಗುವುದು ಅಲ್ಲೇ.