ಭುಜವಲ್ಲ, ಮೊದಲು ಗೊರಸು ನೋಡಿ

ಮೈಸೂರಿನ ಹೊರವಲಯದ ತೋಟವೊಂದರಲ್ಲಿ ಸವಾರಿ ಕುದುರೆ ಸಾಕಿಕೊಂಡಿರುವ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಹೀಗಿದೆ. ರೇಸಿನಿಂದ ನಿವೃತ್ತಿಯಾದ, ಬೀಜ ಒಡೆಸಿದ, ಎಂಟು ವರ್ಷದ ಥರೋಬ್ರೆಡ್ ಕುದುರೆಯೊಂದನ್ನು ಅವರು ಕಳೆದ ವರ್ಷ ಮಗಳ ಸವಾರಿಗೆಂದು ಕೊಂಡರು. ಆಷಾಢದ ಮಳೆ ಹಿಡಿದಾಗಿನಿಂದ ಅದು ಎಡ ಮುಂಗಾಲು ಕುಂಟುತ್ತಿದೆ. ನಿಧಾನವಾಗಿ ನಡೆಸಿದರೆ ಏನೂ ಕಾಣುವುದಿಲ್ಲ. ಟ್ರಾಟ್‌ಗೆ, ಅಂದರೆ ನಡಿಗೆಗಿಂತ ವೇಗದ ಕುಲುಕು ಓಟಕ್ಕೆ, ಬಿಟ್ಟರೆ, ಅದರಲ್ಲೂ ಅಂಗಳದ ಗಟ್ಟಿ ನೆಲದ ಮೇಲೆ ಎಡಕ್ಕೆ ಸುತ್ತು ಹಾಕಿಸಿದರೆ, ಕುಂಟು ಎದ್ದು ಕಾಣುತ್ತದೆ. ಬಾವಿಲ್ಲ, ಗಾಯವಿಲ್ಲ, ಮೇವು ಬಿಟ್ಟಿಲ್ಲ. ಲಾಳ ಕಟ್ಟಿಸಿ ಒಂಬತ್ತು ವಾರವಾಗಿದೆ. ಭುಜ ಹಿಡಿದಿದೆ, ಎಣ್ಣೆ ತಿಕ್ಕಬೇಕು ಎಂದು ಕುದುರೆ ನೋಡಿಕೊಳ್ಳುವ ಲಾಯದ ಸೈಸ್ ಹೇಳುತ್ತಾನೆ. ತಿಕ್ಕಿದ ಮೂರು ನಾಲ್ಕು ದಿನ ಕಡಿಮೆಯಾಗಿ ಮತ್ತೆ ಮರುಕಳಿಸಿದೆ. ನೋವಿನ ಇಂಜೆಕ್ಷನ್ ಕೊಟ್ಟು ಸವಾರಿ ಮುಂದುವರಿಸಿ, ಓಡುತ್ತ ಓಡುತ್ತ ಸರಿಹೋಗುತ್ತದೆ ಎನ್ನುವುದು ಕುದುರೆ ಮಾರಿದವರ ಸಲಹೆ. ಊರಿನ ಹಿರಿಯರೊಬ್ಬರು ಕಾಲಿಗೆ ಬರೆ ಹಾಕಿಸಲು ಹೇಳಿದ್ದಾರೆ. ಈ ಮೂರರಲ್ಲಿ ಯಾವುದು ಸರಿ, ಮಗಳು ಮತ್ತೆ ಯಾವಾಗ ಕುದುರೆ ಏರಬಹುದು ಎಂಬುದು ಪತ್ರದ ಪ್ರಶ್ನೆ.

ಮೂರೂ ಸರಿಯಲ್ಲ. ನೋವು ಎಲ್ಲಿದೆ ಎಂಬುದನ್ನು ಯಾರೂ ಹುಡುಕದೆಯೇ ಮೂವರೂ ಚಿಕಿತ್ಸೆ ಹೇಳಿದ್ದಾರೆ. ಕುಂಟು ಒಂದು ರೋಗವಲ್ಲ. ಕಾಲಿನ ಯಾವುದೋ ಒಂದು ಜಾಗದಲ್ಲಿ ನೋವಿದೆಯೆಂದು ಕುದುರೆ ತನ್ನ ನಡೆಯಲ್ಲಿ ತೋರಿಸುವ ಲಕ್ಷಣ. ಆ ಜಾಗ ಗೊತ್ತಾಗುವ ಮೊದಲು ಮಾಡುವ ಉಪಚಾರ ಕುದುರೆಗಿಂತ ಹೆಚ್ಚಾಗಿ ಮಾಲೀಕರಿಗೆ ಸಮಾಧಾನ ಕೊಡುತ್ತದೆ.

ಭುಜದ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಈ ನಂಬಿಕೆ ನಮ್ಮ ಲಾಯಗಳಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ಕುದುರೆಗೆ ಮನುಷ್ಯರಂತೆ ಕೊರಳ ಮೂಳೆ ಇಲ್ಲ. ಅದರ ಮುಂಗಾಲುಗಳು ಎದೆಗೂಡಿಗೆ ಸ್ನಾಯುಗಳ ಮೂಲಕವಷ್ಟೇ ಅಂಟಿಕೊಂಡಿವೆ. ಕಾಲಿನ ಕೆಳಭಾಗದಲ್ಲಿ ಎಲ್ಲೇ ನೋವಿದ್ದರೂ ಕುದುರೆ ಹೆಜ್ಜೆಯನ್ನು ಮೊಟಕುಗೊಳಿಸುತ್ತದೆ, ಹೆಜ್ಜೆ ಮೊಟಕಾದಾಗ ಭುಜ ಬಿಗಿದುಕೊಂಡಂತೆ ಕಾಣುತ್ತದೆ, ಹಲವು ವಾರ ಹಾಗೆಯೇ ಮುಂದುವರಿದರೆ ಭುಜದ ಸ್ನಾಯು ಸೊರಗುವುದೂ ಉಂಟು. ನೋಡಿದವರು ಭುಜದ ಕಡೆ ಕೈ ತೋರಿಸುವುದು ಇದರಿಂದ. ನಿಜದಲ್ಲಿ ಕುದುರೆಯ ಮೈಭಾರದ ಸುಮಾರು ಶೇ. 60 ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ, ಮುಂಗಾಲಿನ ಕುಂಟಿನ ಬಹುಪಾಲು ಪ್ರಕರಣಗಳ ಮೂಲ ಗೊರಸಿನಲ್ಲೇ ಇರುತ್ತದೆ. ಎಣ್ಣೆ ತಿಕ್ಕಿದಾಗ ಕಡಿಮೆಯಾಯಿತೆಂದು ಬರೆದಿದ್ದೀರಿ. ಆ ದಿನಗಳಲ್ಲಿ ಸವಾರಿ ನಿಲ್ಲಿಸಿದ್ದಿರಿ ಎಂಬುದನ್ನೂ ನೀವೇ ಬರೆದಿದ್ದೀರಿ. ಕೆಲಸ ಮಾಡಿದ್ದು ಎಣ್ಣೆಯಲ್ಲ, ವಿಶ್ರಾಂತಿ.

ಕುಂಟುತ್ತಿರುವುದು ಎಡಗಾಲೇ ಎಂಬುದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ಸಮತಟ್ಟಾದ ಸಿಮೆಂಟ್ ಅಥವಾ ಡಾಂಬರು ನೆಲದ ಮೇಲೆ, ಹಗ್ಗವನ್ನು ಸಡಿಲವಾಗಿ ಹಿಡಿದು, ಯಾರಾದರೂ ಕುದುರೆಯನ್ನು ನಿಮ್ಮಿಂದ ದೂರಕ್ಕೂ ನಿಮ್ಮ ಕಡೆಗೂ ನೇರವಾಗಿ ಟ್ರಾಟ್ ಮಾಡಿಸಲಿ. ಹಗ್ಗ ಬಿಗಿಯಾಗಿದ್ದರೆ ತಲೆ ಆಡುವುದಿಲ್ಲ, ತಲೆ ಆಡದಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ. ಟ್ರಾಟ್‌ನಲ್ಲಿ ಒಂದು ಮುಂಗಾಲೂ ಅದಕ್ಕೆ ಓರೆಯಾಗಿರುವ ಹಿಂಗಾಲೂ ಜೋಡಿಯಾಗಿ ನೆಲ ಮುಟ್ಟುವುದರಿಂದ ಎರಡು ಬದಿಗಳ ವ್ಯತ್ಯಾಸ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ನಡೆಯಲ್ಲಿ ಕಾಣದು. ನೋವಿರುವ ಮುಂಗಾಲು ನೆಲ ಮುಟ್ಟುವ ಕ್ಷಣದಲ್ಲಿ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ. ಗಟ್ಟಿಯಾದ ಕಾಲು ಊರಿದಾಗ ತಲೆ ಕೆಳಗಿಳಿಯುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ತಲೆ ತಗ್ಗುವುದೇ ಆದ್ದರಿಂದ ಅನೇಕರು ಸರಿಯಿರುವ ಕಾಲನ್ನೇ ಕುಂಟುಗಾಲೆಂದು ತಿಳಿಯುತ್ತಾರೆ. ಇನ್ನೊಂದು ತೊಡಕೂ ಇದೆ. ಎಡ ಹಿಂಗಾಲಿನಲ್ಲಿ ನೋವಿದ್ದಾಗ ಕುದುರೆ ಆ ಕಾಲು ಊರುವ ಹೊತ್ತಿಗೆ ಭಾರವನ್ನು ಮುಂದಕ್ಕೆ ದೂಡಲು ತಲೆ ತಗ್ಗಿಸುತ್ತದೆ. ಅದೇ ಹೊತ್ತಿಗೆ ಬಲ ಮುಂಗಾಲು ನೆಲದ ಮೇಲಿರುವುದರಿಂದ, ನೋಡುವವರಿಗೆ ಎಡ ಮುಂಗಾಲಿನಲ್ಲೇ ತೊಂದರೆಯಿರುವಂತೆ ಭಾಸವಾಗುತ್ತದೆ. ಹಾಗಾಗಿ ಹಿಂದಿನಿಂದ ನಿಂತು ಸೊಂಟದ ಎರಡು ಬದಿಗಳೂ ಸಮನಾಗಿ ಏರಿಳಿಯುತ್ತಿವೆಯೇ ಎಂಬುದನ್ನೂ ಗಮನಿಸಬೇಕು. ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ಈ ಕೆಲಸ ಎಷ್ಟೋ ಸುಲಭ, ಆ ವಿಡಿಯೊ ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.

ನೀವು ಹೇಳಿದ ವಿವರಗಳನ್ನು ಹಾಗೆಯೇ ಒಪ್ಪಿಕೊಂಡರೆ ನನ್ನ ಸಂಶಯ ಗೊರಸಿನ ಕಡೆಗೇ ಹೋಗುತ್ತದೆ. ಗಟ್ಟಿ ನೆಲದಲ್ಲಿ, ನೋವಿನ ಕಾಲು ಸುತ್ತಿನ ಒಳಬದಿಯಲ್ಲಿದ್ದಾಗ ಕುಂಟು ಹೆಚ್ಚುವುದು ಗೊರಸಿನ ನೋವಿನ ಸಾಮಾನ್ಯ ಲಕ್ಷಣ. ಮೃದುವಾದ ಮರಳಿನಲ್ಲಿ, ನೋವಿನ ಕಾಲು ಹೊರಬದಿಯಲ್ಲಿದ್ದಾಗ ಹೆಚ್ಚಾಗಿದ್ದರೆ ಕಾಲಿನ ಹಿಂಬದಿಯ ತಂತುಗಳ (ಟೆಂಡನ್, ಲಿಗಮೆಂಟುಗಳ) ಕಡೆ ಹೆಚ್ಚು ಗಮನ ಕೊಡಬೇಕಾಗಿತ್ತು. ಇನ್ನು ಒಂಬತ್ತು ವಾರದ ಲಾಳ. ಪತ್ರದಲ್ಲಿ ಇದು ಒಂದೇ ಸಾಲಿನಲ್ಲಿ ಬಂದು ಹೋಗಿದೆ, ನನಗೆ ಮಾತ್ರ ಅದೇ ಇಡೀ ಪತ್ರದ ಮುಖ್ಯ ಸಾಲೆನ್ನಿಸಿತು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಲಾಳ ಬೆಳೆಯುವುದಿಲ್ಲ. ಗೊರಸಿನ ತುದಿ ಉದ್ದವಾದಂತೆ ಅದಕ್ಕೆ ಮೊಳೆಯಿಂದ ಬಿಗಿದ ಲಾಳವೂ ಮುಂದಕ್ಕೆ ಸರಿಯುತ್ತದೆ. ಗೊರಸಿನ ಹಿಂಬದಿಯ ಅಂಚಿನ ಮೇಲೆ ಕೂರಬೇಕಾದ ಲಾಳದ ಹಿಂತುದಿ ಒಳಗೆ ಜಾರಿ ಅಂಗಾಲಿನ ಹಿಂದಿನ ಮೂಲೆಯನ್ನು ಒತ್ತತೊಡಗುತ್ತದೆ. ಅಲ್ಲಿ ರಕ್ತ ಕಟ್ಟಿ ಆಣಿಯಾಗುತ್ತದೆ. ಹೊರಗೆ ಬಾವಿರುವುದಿಲ್ಲ, ಲಾಳ ಬಿಚ್ಚಿ ಆ ಜಾಗವನ್ನು ತೆಳುವಾಗಿ ಹೆರೆದಾಗಲಷ್ಟೇ ಕೆಂಪು ಕಲೆ ಕಾಣಿಸುತ್ತದೆ. ಥರೋಬ್ರೆಡ್‌ಗಳ ಗೊರಸಿನ ಗೋಡೆಯೂ ಅಂಗಾಲೂ ಸಾಮಾನ್ಯವಾಗಿ ತೆಳು. ರೇಸಿನಿಂದ ಬಂದವುಗಳಲ್ಲಿ ತುದಿ ಉದ್ದ, ಹಿಮ್ಮಡಿ ತಗ್ಗು ಇರುವುದೂ ಹೆಚ್ಚು. ಅಂಥ ಕಾಲಿಗೆ ಆರು ವಾರಕ್ಕೊಮ್ಮೆ, ತಡವಾದರೆ ಎಂಟು ವಾರಕ್ಕೆ ಲಾಳ ಬಿಚ್ಚಿ, ಗೊರಸು ಹೆರೆದು ಮತ್ತೆ ಕಟ್ಟಬೇಕು. ಲಾಳ ಇನ್ನೂ ಸವೆದಿಲ್ಲವಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇವತ್ತೇ ನೀವು ಮಾಡಬಹುದಾದ ಪರೀಕ್ಷೆಗಳಿವೆ. ಗೊರಸಿನ ಮೇಲಿನ ಫೆಟ್‌ಲಾಕ್ ಕೀಲಿನ ಹಿಂಭಾಗದಲ್ಲಿ, ಒಳಬದಿ ಹೊರಬದಿ ಎರಡೂ ಕಡೆ ರಕ್ತನಾಳ ಹಾದುಹೋಗುತ್ತದೆ. ಬೆರಳ ತುದಿಯನ್ನು ಹಗುರವಾಗಿ ಇಟ್ಟು ನೋಡಿ. ಆರೋಗ್ಯವಾದ ಕಾಲಿನಲ್ಲಿ ಆ ನಾಡಿಯನ್ನು ಹುಡುಕಿ ಹಿಡಿಯಬೇಕು, ಗೊರಸಿನೊಳಗೆ ಉರಿಯೂತವಿದ್ದರೆ ಅದು ಬೆರಳಿಗೆ ಬಡಿಯುತ್ತದೆ. ಎರಡೂ ಮುಂಗಾಲುಗಳನ್ನು ಹೋಲಿಸಿ, ಅದನ್ನು ಕುದುರೆ ವಿಶ್ರಾಂತಿಯಲ್ಲಿದ್ದಾಗ ಮಾಡಿ. ಅಂಗೈ ಹಿಂಭಾಗವನ್ನು ಗೊರಸಿನ ಗೋಡೆಗೆ ತಾಗಿಸಿ ಬಿಸಿಯನ್ನೂ ಹೋಲಿಸಬಹುದು, ಬಿಸಿಲಲ್ಲಿ ನಿಂತು ಬಂದ ಕುದುರೆಯಲ್ಲಿ ಮಾತ್ರ ಆ ಬಿಸಿಗೆ ಅರ್ಥವಿಲ್ಲ. ಆಮೇಲೆ ಕಾಲೆತ್ತಿ ಮಣ್ಣು ತೆಗೆದು, ಅಂಗಾಲ ನಡುವಿನ ತ್ರಿಕೋನಾಕಾರದ ಮೆತ್ತನೆಯ ಫ್ರಾಗ್‌ನ ಅಕ್ಕಪಕ್ಕದ ಸೀಳುಗಳನ್ನು ನೋಡಿ. ಕೊಳೆತ ವಾಸನೆಯ ಕಪ್ಪು ಲೋಳೆಯಿದ್ದರೆ ಅದು ಒದ್ದೆ ಲಾಯದ ಫಲ. ಮಳೆಗಾಲದಲ್ಲಿ ನೆನೆದು ಮೆತ್ತಗಾದ ಗೊರಸಿನ ಬಿಳಿ ಗೆರೆಯ (ಗೋಡೆಯೂ ಅಂಗಾಲೂ ಕೂಡುವ ಜಾಗದ) ಮೂಲಕ ಕೊಳಕು ಒಳಗೆ ಸೇರಿ ಕೀವಾಗುವುದೂ ಉಂಟು. ಕೀವಿನ ಕುಂಟು ಸಾಮಾನ್ಯವಾಗಿ ನಿಮ್ಮ ಕುದುರೆಯಂತೆ ಸೌಮ್ಯವಾಗಿರುವುದಿಲ್ಲ. ಮುಂಜಾನೆ ನೋಡಿದರೆ ಮೂಳೆ ಮುರಿಯಿತೇನೋ ಎಂದು ಗಾಬರಿಯಾಗುವಷ್ಟು ಕಾಲನ್ನು ಎತ್ತಿಕೊಂಡೇ ನಿಂತಿರುತ್ತದೆ. ಕೀವು ಹೊರಗೆ ಹರಿಯಲು ದಾರಿ ಮಾಡಿಕೊಟ್ಟರೆ ಒಂದೆರಡು ದಿನದಲ್ಲಿ ಆಶ್ಚರ್ಯವಾಗುವಷ್ಟು ಸುಧಾರಿಸುತ್ತದೆ. ಆ ದಾರಿ ಮಾಡುವುದು ವೈದ್ಯರ ಅಥವಾ ನುರಿತ ಲಾಳದವರ ಕೆಲಸ, ಅಡುಗೆಮನೆಯ ಚಾಕುವಿನದಲ್ಲ.

ಅಂಗಾಲಿನಲ್ಲಿ ಮೊಳೆ ಕಂಡರೆ ಕಿತ್ತು ಬಿಸಾಡಬೇಡಿ. ಫ್ರಾಗ್‌ನ ನಡುಭಾಗದಲ್ಲಿ ಹೊಕ್ಕ ಮೊಳೆ ಒಳಗಿನ ಕೀಲನ್ನು ಮುಟ್ಟಿರಬಹುದು, ಅದು ಯಾವ ಕೋನದಲ್ಲಿ ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ಎಕ್ಸ್‌ರೇಯಲ್ಲಿ ನೋಡಿದ ನಂತರವೇ ತೆಗೆಯುವುದು ಒಳ್ಳೆಯದು. ವೈದ್ಯರು ಬರುವವರೆಗೆ ಕುದುರೆ ಆ ಕಾಲನ್ನು ಊರಿ ಮೊಳೆಯನ್ನು ಇನ್ನಷ್ಟು ಒಳಗೆ ತಳ್ಳದಂತೆ ನೋಡಿಕೊಳ್ಳಿ. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಅದರ ಲಸಿಕೆ ಯಾವಾಗ ಹಾಕಿಸಿದ್ದು ಎಂದು ಪತ್ರದಲ್ಲಿ ಇಲ್ಲ, ದಯವಿಟ್ಟು ಪರಿಶೀಲಿಸಿ.

ಇಂಜೆಕ್ಷನ್ ವಿಚಾರದಲ್ಲಿ ನಾನು ಕೊಂಚ ಕಟುವಾಗಿಯೇ ಹೇಳಬೇಕಾಗಿದೆ. ಕುದುರೆಯವರು ಬ್ಯೂಟ್ ಎಂದು ಕರೆಯುವ ಫಿನೈಲ್‌ಬ್ಯುಟಾಜೋನ್ ಒಳ್ಳೆಯ ಔಷಧ, ವೈದ್ಯರು ಅದನ್ನು ದಿನನಿತ್ಯ ಬಳಸುತ್ತಾರೆ. ಆದರೆ ಅದರ ಇಂಜೆಕ್ಷನ್ ಹೋಗಬೇಕಾದ್ದು ರಕ್ತನಾಳದೊಳಕ್ಕೆ ಮಾತ್ರ. ಮಾಂಸಕ್ಕೋ ನಾಳದ ಹೊರಕ್ಕೋ ಸೋರಿದರೆ ಆ ಭಾಗದ ಅಂಗಾಂಶ ಕೊಳೆತು ಉದುರುತ್ತದೆ. ಪ್ರಮಾಣ ಮೀರಿದರೆ ಅಥವಾ ಬಹಳ ದಿನ ಮುಂದುವರಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯದು. ನೋವಿದೆ ಎಂದೇ ಕುದುರೆ ಆ ಕಾಲಿನ ಮೇಲೆ ಭಾರ ಹಾಕುತ್ತಿಲ್ಲ. ನೋವು ಅಡಗಿಸಿ ಮೇಲೊಬ್ಬ ಸವಾರನನ್ನು ಕೂರಿಸಿದರೆ ಅದು ಪೂರ್ತಿ ಭಾರ ಹಾಕುತ್ತದೆ, ಬಿರುಕು ಮುರಿತವಾಗುತ್ತದೆ, ಎಳೆ ಹರಿದ ತಂತು ಪೂರ್ತಿ ಹರಿಯುತ್ತದೆ, ಬೀಳುವಾಗ ಸವಾರನೂ ಜೊತೆಗೆ ಬೀಳುತ್ತಾನೆ. ಔಷಧದಂಗಡಿಯಲ್ಲಿ ಸಿಗುವ ಮನುಷ್ಯರ ಡೈಕ್ಲೋಫೆನಾಕ್ ಕೊಡಿಸುವ ಚಾಳಿಯೂ ನಮ್ಮಲ್ಲಿದೆ. ರಣಹದ್ದುಗಳ ಸಾವಿಗೆ ಕಾರಣವಾದ ಆ ಔಷಧವನ್ನು ಪ್ರಾಣಿಗಳಿಗೆ ಬಳಸುವುದಕ್ಕೆ 2006ರಲ್ಲೇ ನಿಷೇಧ ಬಂದಿದೆ. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಕೂಡ ಆ ಸಾಲಿಗೆ ಸೇರಿದವು. ರಾಮದೇವರ ಬೆಟ್ಟದಲ್ಲಿ ಅಳಿದುಳಿದ ರಣಹದ್ದುಗಳಿಗಾಗಿ ಧಾಮ ಮಾಡಿಕೊಂಡಿರುವ ರಾಜ್ಯದವರಿಗೆ ಇದು ಹೊಸ ಮಾತಾಗಬಾರದು.

ಬರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆ ಹಾಕಿದ್ದರಿಂದ ತಂತು ಬೇಗ ಕೂಡಿಕೊಂಡಿತೆನ್ನಲು ಯಾವ ಆಧಾರವೂ ಸಿಗಲಿಲ್ಲ. ಬರೆ ಹಾಕಿದ ಕುದುರೆ ವಾಸಿಯಾದದ್ದುಂಟು. ಸುಟ್ಟ ಗಾಯದ ನೆಪದಲ್ಲಾದರೂ ಅದಕ್ಕೆ ತಿಂಗಳುಗಟ್ಟಲೆ ರಜೆ ಸಿಕ್ಕಿದ್ದು ಅದಕ್ಕೆ ಕಾರಣ. ಸುಡದೆಯೇ ಆ ರಜೆ ಕೊಡಬಹುದು.

ಲಾಳದವರನ್ನು ಕರೆಸುವ ಮೊದಲು ಮತ್ತೊಂದನ್ನು ಗಮನಿಸಿ. ಮುಂಗಾಲ ಮಂಡಿಯಿಂದ ಫೆಟ್‌ಲಾಕ್‌ವರೆಗೆ ಕಾಲಿನ ಹಿಂಬದಿಯಲ್ಲಿ ಹಗ್ಗದಂತೆ ಇಳಿಯುವ ತಂತುಗಳನ್ನು, ಕಾಲೆತ್ತಿ ಮಡಿಸಿ, ಹೆಬ್ಬೆರಳು ತೋರುಬೆರಳ ನಡುವೆ ಮೇಲಿನಿಂದ ಕೆಳಕ್ಕೆ ಸವರಿ. ಎಲ್ಲಾದರೂ ದಪ್ಪ, ಬಿಸಿ ಅಥವಾ ಒತ್ತಿದಾಗ ಕಾಲು ಕಿತ್ತುಕೊಳ್ಳುವ ಜಾಗವಿದ್ದರೆ ವಿಷಯ ಬದಲಾಗುತ್ತದೆ. ರೇಸ್ ಕುದುರೆಗಳಲ್ಲಿ ಈ ತಂತಿನ ಹಳೆಯ ಗಾಯ ಅಪರೂಪವಲ್ಲ. ಇಲ್ಲಿಯ ಮೋಸವೇನೆಂದರೆ ಕುಂಟು ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ, ಒಳಗಿನ ಗಾಯ ಮಾತ್ರ ಕೂಡಿಕೊಳ್ಳಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಅಲ್ಟ್ರಾಸೌಂಡ್ ಇಲ್ಲದೆ ಅದರ ಸ್ಥಿತಿ ಹೇಳಲಾಗದು.

ಈಗ ಮಾಡಬೇಕಾದ ಕೆಲಸದ ಕ್ರಮ. ಸವಾರಿ ಪೂರ್ತಿ ನಿಲ್ಲಿಸಿ, ಕುದುರೆಯನ್ನು ಒಣ ಲಾಯದಲ್ಲಿಡಿ. ನಿಂತ ಕುದುರೆಗೆ ಎಂದಿನಂತೆ ಬೇಯಿಸಿದ ಹುರುಳಿ, ಜೋಳ ಸುರಿಯಬೇಡಿ. ಒಣಹುಲ್ಲು ಹೆಚ್ಚಿಸಿ, ಕಾಳು ತಗ್ಗಿಸಿ. ಹೆಚ್ಚಿನ ಕಾಳಿನಿಂದ ಬರುವ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರಗಳ ಉರಿಯೂತ) ಈ ಕುಂಟಿಗಿಂತ ಎಷ್ಟೋ ಪಾಲು ಭೀಕರ: ಎರಡೂ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ, ತಿರುಗಲು ಒಲ್ಲದೆ ನಿಂತದ್ದು ಕಂಡರೆ ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ನಡೆಸದೆ, ತಕ್ಷಣ ವೈದ್ಯರನ್ನು ಕರೆಸಬೇಕು. ನಿಮ್ಮದು ಅಷ್ಟು ತುರ್ತಿನದಲ್ಲವಾದರೂ ಮೂರು ವಾರ ಕಾಯುವಂಥದ್ದೂ ಅಲ್ಲ. ಮೈಸೂರಿನಲ್ಲಿ ರೇಸ್ ಕೋರ್ಸ್ ಇರುವುದರಿಂದ ಕುದುರೆಗಳನ್ನೇ ನೋಡುವ ಪಶುವೈದ್ಯರು ಸಿಗುವುದು ಬೇರೆ ಜಿಲ್ಲೆಗಳಷ್ಟು ಕಷ್ಟವಲ್ಲ. ಅವರೂ ಲಾಳದವರೂ ಒಂದೇ ದಿನ ಬರುವಂತೆ ನೋಡಿಕೊಳ್ಳಿ. ವೈದ್ಯರು ಗೊರಸನ್ನು ಇಕ್ಕಳದಿಂದ ಸುತ್ತಲೂ ಒತ್ತಿ ನೋಯುವ ಜಾಗ ಹುಡುಕುತ್ತಾರೆ. ಅದರಿಂದ ತಿಳಿಯದಿದ್ದರೆ ಕಾಲಿನ ಕೆಳತುದಿಯಿಂದ ಶುರುಮಾಡಿ ನರಕ್ಕೆ ಮರಗಟ್ಟಿಸುವ ಮದ್ದು ಕೊಟ್ಟು, ಎಲ್ಲಿ ಕೊಟ್ಟಾಗ ಕುಂಟು ಮಾಯವಾಗುತ್ತದೆಂದು ನೋಡುತ್ತಾರೆ. ಎಕ್ಸ್‌ರೇ ತೆಗೆಯುವುದು ಆಮೇಲೆ. ಅವರು ಬರುವ ಮೊದಲ ಕೆಲವು ದಿನ ಯಾವ ನೋವಿನ ಮದ್ದನ್ನೂ ಕೊಟ್ಟಿರಬಾರದು, ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು.

ಮಗಳ ಸವಾರಿಗೆ ಈಗಲೇ ದಿನಾಂಕ ಹೇಳಲಾಗದು. ಆಣಿಯೇ ಆಗಿದ್ದು, ಗೊರಸು ಹೆರೆದು ಲಾಳವನ್ನು ಸರಿಯಾಗಿ ಕೂರಿಸಿದರೆ ಕೆಲವು ವಾರಗಳ ಮಾತು. ತಂತಿನದಾದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕಾದೀತು. ಎರಡರಲ್ಲೂ ಅಳತೆ ಒಂದೇ: ಯಾವ ನೋವಿನ ಔಷಧವೂ ಮೈಯಲ್ಲಿಲ್ಲದಿರುವಾಗ, ಅದೇ ಗಟ್ಟಿ ಅಂಗಳದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕಿಸಿದರೆ ತಲೆ ಆಡಬಾರದು. ಅಲ್ಲಿಂದ ಮುಂದೆ ಮೊದಲು ಕೈಯಲ್ಲಿ ಹಿಡಿದು ನಡೆಸುವುದು, ಆಮೇಲೆ ಜೀನು ಹಾಕಿ ನಡಿಗೆ, ಆಮೇಲೆ ನೇರ ದಾರಿಯಲ್ಲಿ ಸ್ವಲ್ಪ ಟ್ರಾಟ್. ಚಿಕ್ಕ ಸುತ್ತುಗಳು ಎಲ್ಲಕ್ಕಿಂತ ಕೊನೆಗೆ.